ಗ್ರಹಾಂ, ಆರ್ಚಿಬಾಲ್ಡ್ ರೈಟ್ (1877–1965)

ಆರ್ಚಿಬಾಲ್ಡ್ ರೈಟ್ ಗ್ರಹಾಂ, ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್ ಆಟಗಾರ ಮತ್ತು ವೈದ್ಯ. ಆ ದೇಶದ ವೃತ್ತಿಪರ ಬೇಸ್‌ಬಾಲಿನ ಅತ್ಯುನ್ನತ ಶ್ರೇಣಿಯಾದ ಮೇಜರ್ ಲೀಗಿನಲ್ಲಿ 1905ರ ಜೂನ್ 29ರಂದು ಒಂದೇ ಒಂದು ಪಂದ್ಯದ ಕೊನೆಯ ಎರಡು ಇನ್ನಿಂಗ್ಸುಗಳಲ್ಲಿ ಮಾತ್ರ ಆಡಿ, ಒಮ್ಮೆಯೂ ಬ್ಯಾಟು ಹಿಡಿದು ಎಸೆತವನ್ನು ಎದುರಿಸದೆಯೇ ಆ ಶ್ರೇಣಿಯಿಂದ ಹೊರಬಂದವನು. ‘ಮೂನ್‌ಲೈಟ್’, ಎಂದರೆ ಬೆಳದಿಂಗಳು, ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದ ಈತ ತರುವಾಯ ಮಿನೆಸೋಟ ರಾಜ್ಯದ ಚಿಸಮ್ ಎಂಬ ಗಣಿಯೂರಿನಲ್ಲಿ ಅರ್ಧಶತಮಾನ ಕಾಲ ವೈದ್ಯವೃತ್ತಿಯನ್ನು ನಡೆಸಿ, ಶಾಲಾಬಾಲಕರ ಆರೋಗ್ಯರಕ್ಷಣೆಯಲ್ಲಿಯೂ ಅವರ ರಕ್ತದೊತ್ತಡದ ಶಾಸ್ತ್ರೀಯ ಅಧ್ಯಯನದಲ್ಲಿಯೂ ಮಹತ್ತ್ವದ ಕಾರ್ಯವನ್ನೆಸಗಿದನು. ಮರಣಾನಂತರ ಈತನ ಜೀವನವು ಒಂದು ಕಾದಂಬರಿಗೂ ಒಂದು ಚಲನಚಿತ್ರಕ್ಕೂ ವಸ್ತುವಾಯಿತು.

ಆಟದ ಪರಿಭಾಷೆ

ಗ್ರಹಾಮನ ದಾಖಲೆಯ ವೈಶಿಷ್ಟ್ಯವನ್ನು ತಿಳಿಯಲು ಬೇಸ್‌ಬಾಲಿನ ಕೆಲವು ನಿಯಮಗಳ ಪರಿಚಯ ಅವಶ್ಯಕ. ಈ ಆಟದಲ್ಲಿ ತಂಡಕ್ಕೆ ಒಂಬತ್ತು ಮಂದಿಯಂತೆ ಎರಡು ತಂಡಗಳು ಒಂಬತ್ತು ಇನ್ನಿಂಗ್ಸುಗಳ ಪಂದ್ಯವನ್ನಾಡುತ್ತವೆ. ಪ್ರತಿಯೊಂದು ಇನ್ನಿಂಗ್ಸೂ ಎರಡು ಭಾಗಗಳಾಗಿದ್ದು, ಪೂರ್ವಾರ್ಧದಲ್ಲಿ ಅತಿಥಿ ತಂಡವೂ ಉತ್ತರಾರ್ಧದಲ್ಲಿ ಆತಿಥೇಯ ತಂಡವೂ ಬ್ಯಾಟು ಮಾಡುತ್ತವೆ. ಮೂವರು ಔಟಾದೊಡನೆ ಆ ಭಾಗ ಮುಗಿಯುತ್ತದೆ. ಬ್ಯಾಟುಗಾರರು ಪಂದ್ಯಕ್ಕೆ ಮುನ್ನವೇ ಗೊತ್ತುಮಾಡಿದ ಅನುಕ್ರಮದಲ್ಲಿ ಬರಬೇಕು. ಒಂಬತ್ತನೆಯವನ ನಂತರ ಮೊದಲನೆಯವನ ಸರದಿ ಮತ್ತೆ ಬರುತ್ತದೆ. ಬದಲಿಯಾಗಿ ಬಂದ ಆಟಗಾರನು ಹೊರಗೆ ಹೋದವನ ಸರದಿಯ ಸ್ಥಾನವನ್ನೇ ಪಡೆಯುತ್ತಾನೆ. ಹೊರಗೆ ಹೋದವನು ಆ ಪಂದ್ಯಕ್ಕೆ ಹಿಂತಿರುಗಲಾರ.

ಕ್ರಿಕೆಟ್ಟಿನಲ್ಲಿ ಹತ್ತು ಹುದ್ದರಿಗಳು ಉರುಳುವವರೆಗೆ ತಂಡದ ಬ್ಯಾಟಿಂಗ್ ಮುಂದುವರಿಯಬಲ್ಲುದಾದರೆ, ಬೇಸ್‌ಬಾಲಿನಲ್ಲಿ ಮೂರನೆಯ ಔಟಿಗೇ ಸರದಿ ಕಡಿದುಹೋಗುವುದರಿಂದ, ತನ್ನ ಸರದಿಗಾಗಿ ಸಿದ್ಧನಾಗಿ ನಿಂತ ಆಟಗಾರನು ಮೈದಾನದ ಅಂಚಿನಿಂದಲೇ ಹಿಂತಿರುಗಬೇಕಾದ ಪ್ರಸಂಗ ಒದಗುವುದು ಸಾಮಾನ್ಯ. ಆ ಭಾಗವು ಅಂತಿಮ ಇನ್ನಿಂಗ್ಸಿನದಾಗಿದ್ದರೆ ಆತನ ಸರದಿ ಆ ಪಂದ್ಯದಲ್ಲಿ ಇನ್ನು ಬರುವುದೇ ಇಲ್ಲ.

ಈ ಲೇಖನದಲ್ಲಿ ‘ಪ್ರವೇಶ’ ಎಂದರೆ ಬ್ಯಾಟುಗಾರನು ಎಸೆತಗಾರನನ್ನು ಎದುರಿಸಲು ನಿಂತು ಸರದಿಯನ್ನು ಮುಗಿಸಿದ ಪ್ರತಿಯೊಂದು ಸಂದರ್ಭ; ‘ಗಣಿತ ಸರದಿ’ ಎಂದರೆ ಸರಾಸರಿಯ ಲೆಕ್ಕಕ್ಕೆ ಸೇರುವ ಪ್ರವೇಶ. ನಾಲ್ಕು ತಪ್ಪು ಎಸೆತಗಳಿಂದ ಮೊದಲನೆಯ ನೆಲೆಗೆ ನಡೆದುಹೋದಾಗ, ಎಸೆತವು ಮೈಗೆ ತಗುಲಿದಾಗ, ಅಥವಾ ತಾನು ಔಟಾಗಿ ಜೊತೆಗಾರನನ್ನು ಮುಂದಕ್ಕೆ ಸಾಗಿಸುವ ‘ತ್ಯಾಗದ ಹೊಡೆತ’ವನ್ನು ಹೊಡೆದಾಗ, ಪ್ರವೇಶವು ದಾಖಲಾಗುತ್ತದಾದರೂ ಅದು ಗಣಿತ ಸರದಿಯೆನಿಸದು. ಮೇಜರ್ ಲೀಗಿನಲ್ಲಿ ಗ್ರಹಾಮನಿಗೆ ಗಣಿತ ಸರದಿ ಮಾತ್ರವಲ್ಲ, ಪ್ರವೇಶವೂ ಇಲ್ಲ.

ಜನನ, ವಂಶ ಮತ್ತು ವಿದ್ಯಾಭ್ಯಾಸ

ಗ್ರಹಾಂ 1877ರ ನವೆಂಬರ್ 12ರಂದು ಉತ್ತರ ಕ್ಯಾರೊಲಿನ ರಾಜ್ಯದ ಫಯೆಟ್‌ವಿಲ್ ನಗರದಲ್ಲಿ ಜನಿಸಿದನು. ತಂದೆ ಅಲೆಕ್ಸಾಂಡರ್ ಗ್ರಹಾಂ ಆ ರಾಜ್ಯದ ಸಾರ್ವಜನಿಕ ಶಿಕ್ಷಣದ ಪ್ರಮುಖರಲ್ಲೊಬ್ಬನಾಗಿದ್ದು, 1888ರಿಂದ ಶಾರ್ಲಟ್ ನಗರದ ಶಾಲೆಗಳ ಮುಖ್ಯಾಧಿಕಾರಿಯಾಗಿ ದೀರ್ಘಕಾಲ ಸೇವೆ ಸಲ್ಲಿಸಿದನು. ಶಾಲೆ, ಮಕ್ಕಳು, ಶಿಸ್ತಿನ ದಿನಚರಿ ಇವುಗಳ ನಡುವೆ ಬೆಳೆದ ಮಗನು ಮುಂದೆ ತನ್ನ ಆಯುಷ್ಯದ ಬಹುಭಾಗವನ್ನು ಶಾಲಾವೈದ್ಯನಾಗಿಯೇ ಕಳೆದನು.

ಈತನ ತಮ್ಮನಾದ ಫ್ರಾಂಕ್ ಪೋರ್ಟರ್ ಗ್ರಹಾಂ (ಜನನ: 1886) ಉತ್ತರ ಕ್ಯಾರೊಲಿನ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿಯೂ ಆ ರಾಜ್ಯದ ಪ್ರತಿನಿಧಿಯಾಗಿ ಅಮೆರಿಕದ ಸೆನೆಟಿನ ಸದಸ್ಯನಾಗಿಯೂ ಖ್ಯಾತಿ ಪಡೆದವನು. ಕಾಶ್ಮೀರದ ಪ್ರಶ್ನೆಯಲ್ಲಿ ಸಂಧಾನಕಾರನಾಗಿದ್ದ ಆಸ್ಟ್ರೇಲಿಯದ ನ್ಯಾಯಾಧೀಶ ಓವೆನ್ ಡಿಕ್ಸನ್ನನ ನಂತರ, 1951ರಲ್ಲಿ, ಭಾರತ ಮತ್ತು ಪಾಕಿಸ್ತಾನಗಳಿಗೆ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ನಿಯುಕ್ತನಾದವನು ಈತನೇ. ಸೇನಾಪಸರಣದ ವಿಷಯವಾಗಿ ಎರಡು ಸರ್ಕಾರಗಳೊಡನೆ ಮಾತುಕತೆ ನಡೆಸಿ ಭದ್ರತಾ ಮಂಡಲಿಗೆ ಆತನು ಸಲ್ಲಿಸಿದ ವರದಿಗಳ ಮೂಲಕ ಗ್ರಹಾಂ ಎಂಬ ಹೆಸರು ಆ ಕಾಲದ ಭಾರತೀಯ ವೃತ್ತಪತ್ರಿಕೆಗಳ ಓದುಗರಿಗೆ ಸುಪರಿಚಿತವಾಗಿದ್ದಿತು.

ಆರ್ಚಿಬಾಲ್ಡ್ ಚಾಪೆಲ್ ಹಿಲ್ಲಿನ ಉತ್ತರ ಕ್ಯಾರೊಲಿನ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ ಅಲ್ಲಿನ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದನು. ಬಳಿಕ ಬಾಲ್ಟಿಮೋರಿನಲ್ಲಿರುವ ಮೇರಿಲೆಂಡ್ ವಿಶ್ವವಿದ್ಯಾನಿಲಯದ ವೈದ್ಯಶಾಲೆಯನ್ನು ಸೇರಿ 1905ರಲ್ಲಿ ವೈದ್ಯಪದವಿಯನ್ನು ಪಡೆದನು. ಈ ವ್ಯಾಸಂಗದ ವರ್ಷಗಳೂ ವೃತ್ತಿಪರ ಆಟದ ಆರಂಭದ ವರ್ಷಗಳೂ ಒಂದರೊಡನೊಂದು ಹೆಣೆದುಕೊಂಡಿದ್ದುದರಿಂದ, ಚಳಿಗಾಲದಲ್ಲಿ ಶವಚ್ಛೇದನಶಾಲೆ, ಬೇಸಗೆಯಲ್ಲಿ ಮೈದಾನ ಎಂಬಂತೆ ಈತನ ಯೌವನ ನಡೆಯಿತು. ಪದವಿ ಕೈಸೇರಿದ ವರ್ಷವೇ ಮೇಜರ್ ಲೀಗಿನ ಬಾಗಿಲೂ ತೆರೆಯಿತು.

ಮೈನರ್ ಲೀಗುಗಳಲ್ಲಿ

ಮೇಜರ್ ಲೀಗಿಗೆ ಕೆಳಗಿನ ವೃತ್ತಿಪರ ಶ್ರೇಣಿಗಳಿಗೆ ಮೈನರ್ ಲೀಗುಗಳೆಂದು ಹೆಸರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇವು ಸಣ್ಣ ಕೈಗಾರಿಕಾ ನಗರಗಳನ್ನು ಆಶ್ರಯಿಸಿ ಬೆಳೆದ ಪ್ರಾಂತೀಯ ಸಂಘಟನೆಗಳಾಗಿದ್ದವು. ಗ್ರಹಾಂ 1902ರಲ್ಲಿ ಶಾರ್ಲಟ್ ತಂಡದಿಂದ ವೃತ್ತಿಯನ್ನಾರಂಭಿಸಿ, ನ್ಯೂ ಇಂಗ್ಲೆಂಡ್ ಲೀಗಿನ ನ್ಯಾಷುವ ತಂಡಕ್ಕೂ ಅಲ್ಲಿಂದ ಮ್ಯಾಂಚೆಸ್ಟರ್ ತಂಡಕ್ಕೂ ಹೋದನು. ಈ ನ್ಯಾಷುವ ಮತ್ತು ಮ್ಯಾಂಚೆಸ್ಟರ್‌ಗಳು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಬಟ್ಟೆಗಿರಣಿಗಳ ಊರುಗಳು.

ಎಡಗೈ ಬ್ಯಾಟುಗಾರನಾದ, ಆದರೆ ಬಲಗೈಯಿಂದ ಚೆಂಡೆಸೆಯುತ್ತಿದ್ದ ಗ್ರಹಾಂ ಹೊರಮೈದಾನದ ಕ್ಷೇತ್ರರಕ್ಷಕ. ಓಟದ ವೇಗಕ್ಕೆ ಹೆಸರಾದವನು. ಹೊರಮೈದಾನದಲ್ಲಿ ಎಡ, ನಡು, ಬಲ ಎಂದು ಮೂರು ಸ್ಥಾನಗಳಿದ್ದು, ಅಲ್ಲಿ ನಿಲ್ಲುವವರು ಎತ್ತರಕ್ಕೆ ಹಾರಿಬಂದ ಚೆಂಡನ್ನು ನೆಲಕ್ಕೆ ಬೀಳುವ ಮುನ್ನ ಹಿಡಿಯುವುದಕ್ಕಾಗಿ ವಿಶಾಲವಾದ ಹುಲ್ಲುಹಾಸಿನ ಮೇಲೆ ದೀರ್ಘವಾಗಿ ಓಡಬೇಕಾಗುತ್ತದೆ. ಆದುದರಿಂದ ವೇಗವು ಈ ಸ್ಥಾನಕ್ಕೆ ಬೇಕಾದ ಪ್ರಥಮ ಗುಣ.

ನ್ಯೂಯಾರ್ಕ್ ಜೈಂಟ್ಸ್ ತಂಡ

1905ರಲ್ಲಿ ಈತನನ್ನು ತೆಗೆದುಕೊಂಡ ನ್ಯೂಯಾರ್ಕ್ ಜೈಂಟ್ಸ್ ತಂಡವು ನ್ಯಾಷನಲ್ ಲೀಗಿನ ಎಂಟು ತಂಡಗಳಲ್ಲಿ ಆಗ ಅತ್ಯಂತ ಪ್ರಬಲವಾಗಿದ್ದಿತು. ಕಠಿಣ ಶಿಸ್ತಿಗೂ ಚತುರ ಯುಕ್ತಿಗೂ ಹೆಸರಾದ ಜಾನ್ ಮೆಕ್‌ಗ್ರಾ ಅದರ ಮ್ಯಾನೇಜರು. ಕ್ರಿಸ್ಟಿ ಮ್ಯಾಥ್ಯೂಸನ್ ಅದರ ಶ್ರೇಷ್ಠ ಎಸೆತಗಾರ. ಆ ಋತುವಿನಲ್ಲಿ ತಂಡವು 105 ಪಂದ್ಯಗಳನ್ನು ಗೆದ್ದು 48ರಲ್ಲಿ ಸೋತು ಲೀಗಿನ ಪ್ರಥಮಸ್ಥಾನವನ್ನು ಪಡೆದುದಲ್ಲದೆ, ಫಿಲಡೆಲ್ಫಿಯ ಅಥ್ಲೆಟಿಕ್ಸ್ ತಂಡವನ್ನು 4–1ರ ಅಂತರದಲ್ಲಿ ಸೋಲಿಸಿ ವಿಶ್ವಸರಣಿಯನ್ನೂ ಗೆದ್ದಿತು. ಈ ಸರಣಿಯಲ್ಲಿ ಮ್ಯಾಥ್ಯೂಸನ್ ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಮೂರು ಪಂದ್ಯಗಳನ್ನು ಪೂರೈಸಿದನು.

ಇಂಥ ತಂಡದಲ್ಲಿ ಹೊಸಬನಿಗೆ ಎಡೆ ದೊರೆಯುವುದು ದುರ್ಲಭವಾಗಿದ್ದಿತು. ಹೊರಮೈದಾನದ ಮೂರು ಸ್ಥಾನಗಳಲ್ಲಿ ಸ್ಯಾಮ್ ಮರ್ಟಿಸ್, ಮೈಕ್ ಡಾನ್ಲಿನ್ ಮತ್ತು ಜಾರ್ಜ್ ಬ್ರೌನ್ ಸ್ಥಿರವಾಗಿ ನೆಲೆಸಿದ್ದರು. ಅವರಲ್ಲಿ ಡಾನ್ಲಿನ್ ಆ ವರ್ಷ .356ರ ಸರಾಸರಿಯಲ್ಲಿ, ಎಂದರೆ ಸಾವಿರ ಗಣಿತ ಸರದಿಗಳಿಗೆ 356 ಯಶಸ್ವೀ ಹೊಡೆತಗಳ ಪ್ರಮಾಣದಲ್ಲಿ, ಬ್ಯಾಟು ಮಾಡಿದವನು. ಪಂದ್ಯದ ನಡುವೆ ಆಟಗಾರರನ್ನು ಬದಲಾಯಿಸುವ ರೂಢಿಯೂ ಇಂದಿನಷ್ಟು ಬಲಿತಿರಲಿಲ್ಲ. ಹೀಗಾಗಿ ವೈದ್ಯಪದವಿಯನ್ನು ಮುಗಿಸಿ ತಂಡವನ್ನು ಸೇರಿದ ಗ್ರಹಾಂ ಹಲವು ವಾರಗಳ ಕಾಲ ಆಟಗಾರರ ಬೆಂಚಿನ ಮೇಲೆಯೇ ಕುಳಿತು ಪಂದ್ಯಗಳನ್ನು ನೋಡಬೇಕಾಯಿತು.

1905ರ ಜೂನ್ 29ರ ಪಂದ್ಯ

ಅಂದಿನ ಪಂದ್ಯ ನಡೆದುದು ಬ್ರೂಕ್ಲಿನ್ನಿನ ವಾಷಿಂಗ್ಟನ್ ಪಾರ್ಕ್ ಮೈದಾನದಲ್ಲಿ. ಎದುರಾಳಿ ಬ್ರೂಕ್ಲಿನ್ ಸೂಪರ್ಬಾಸ್. ಮುಂದೆ ಡಾಜರ್ಸ್ ಎಂಬ ಹೆಸರಿನಿಂದ ವಿಖ್ಯಾತವಾದ ಈ ತಂಡವು ಆ ವರ್ಷ 48 ಪಂದ್ಯಗಳನ್ನು ಮಾತ್ರ ಗೆದ್ದು ಲೀಗಿನ ಕಟ್ಟಕಡೆಯ ಸ್ಥಾನದಲ್ಲಿ ಉಳಿಯಿತು. ಜೈಂಟ್ಸ್ ತಂಡದ ಮುನ್ನಡೆಯು ಭಾರಿಯಾಗಿದ್ದು ಫಲಿತಾಂಶದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲದಿದ್ದಾಗ, ಎಂಟನೆಯ ಇನ್ನಿಂಗ್ಸಿನ ಉತ್ತರಾರ್ಧದಲ್ಲಿ ಮೆಕ್‌ಗ್ರಾ ಬಲಮೈದಾನದ ಬ್ರೌನ್‌ನನ್ನು ಹೊರಗೆ ಕರೆದು ಆ ಸ್ಥಾನಕ್ಕೆ ಗ್ರಹಾಮನನ್ನು ಕಳುಹಿಸಿದನು. ಆ ಭಾಗದಲ್ಲಿ ಬಲಮೈದಾನದತ್ತ ಆತನು ಹಿಡಿಯಬೇಕಾದ ಚೆಂಡೊಂದೂ ಬರಲಿಲ್ಲ.

ಒಂಬತ್ತನೆಯ ಇನ್ನಿಂಗ್ಸಿನ ಪೂರ್ವಾರ್ಧದಲ್ಲಿ ಜೈಂಟ್ಸ್ ತಂಡವು ಕೊನೆಯ ಬಾರಿಗೆ ಬ್ಯಾಟು ಮಾಡಿತು. ಇಬ್ಬರು ಔಟಾಗಿದ್ದರು, ಎಸೆತಗಾರ ಕ್ಲಾಡ್ ಎಲಿಯಟ್ ಬ್ಯಾಟು ಹಿಡಿದು ನಿಂತಿದ್ದನು, ಅವನ ಮುಂದಿನ ಸರದಿ ಗ್ರಹಾಮನದಾದುದರಿಂದ, ನಿಯಮದಂತೆ ಗ್ರಹಾಂ ಬ್ಯಾಟನ್ನು ಕೈಗೆತ್ತಿಕೊಂಡು ಸರದಿಯವನು ಕಾಯುವ ಸ್ಥಳದಲ್ಲಿ ಸಿದ್ಧನಾಗಿ ನಿಂತಿದ್ದನು. ಎಲಿಯಟ್ ಮೊದಲನೆಯ ನೆಲೆಯನ್ನು ಸುರಕ್ಷಿತವಾಗಿ ತಲುಪಿದ್ದರೆ ಗ್ರಹಾಂ ಎಸೆತಗಾರನಿಗೆ ಇದಿರಾಗುತ್ತಿದ್ದನು. ಆದರೆ ಎಲಿಯಟ್ ಮೇಲಕ್ಕೆ ಹೊಡೆದ ಚೆಂಡು ನೆಲಕ್ಕೆ ಬೀಳುವ ಮೊದಲೇ ಎದುರಾಳಿಯ ಕೈಸೇರಿತು. ಮೂರನೆಯ ಔಟ್ ಆಯಿತು. ಗ್ರಹಾಂ ಬ್ಯಾಟನ್ನು ಕೆಳಗಿಟ್ಟು ಮತ್ತೆ ಬಲಮೈದಾನಕ್ಕೆ ಹೋಗಿ ನಿಂತನು. ಬ್ರೂಕ್ಲಿನ್ ತಂಡದ ಅಂತಿಮ ಭಾಗವೂ ಆತನ ಕಡೆಗೆ ಒಂದು ಚೆಂಡೂ ಬಾರದೆ ಮುಗಿಯಿತು. ಜೈಂಟ್ಸ್ 11–1ರಲ್ಲಿ ಪಂದ್ಯವನ್ನು ಗೆದ್ದಿತು. ಗ್ರಹಾಮನ ವಯಸ್ಸು ಆಗ ಇಪ್ಪತ್ತೇಳು.

ಇದಾದ ಮೇಲೆ ಆತನು ಮೇಜರ್ ಲೀಗಿನ ಪಂದ್ಯವೊಂದರಲ್ಲಿ ಮತ್ತೆ ಕಾಣಿಸಿಕೊಳ್ಳಲಿಲ್ಲ. ಮೈನರ್ ಲೀಗಿಗೆ ಹಿಂತಿರುಗಿ, ಪೆನ್ಸಿಲ್ವೇನಿಯದ ಕಲ್ಲಿದ್ದಲು ಗಣಿಗಳ ನಗರವಾದ ಸ್ಕ್ರಾಂಟನ್ನಿನ ತಂಡದಲ್ಲಿ ಆಡಿ, 1906ರಲ್ಲಿ .336ರ ಸರಾಸರಿಯೊಡನೆ ನ್ಯೂಯಾರ್ಕ್ ಸ್ಟೇಟ್ ಲೀಗಿನ ಬ್ಯಾಟುಗಾರರಲ್ಲಿ ಅಗ್ರಸ್ಥಾನವನ್ನು ಪಡೆದನು. 1908ರ ಋತುವಿನೊಡನೆ ಆತನ ವೃತ್ತಿಪರ ಆಟ ಸಮಾಪ್ತವಾಯಿತು. ಹೀಗೆ ಆತನ ವೃತ್ತಿಪರ ಆಟವು ಒಟ್ಟು ಏಳು ಋತುಗಳಷ್ಟಿದ್ದು, ಅದರಲ್ಲಿ ಮೇಜರ್ ಲೀಗಿನ ಭಾಗವು ಒಂದು ಅಪರಾಹ್ನದ ಎರಡು ಇನ್ನಿಂಗ್ಸುಗಳಷ್ಟು ಮಾತ್ರ.

ಅಡ್ಡಹೆಸರು

‘ಮೂನ್‌ಲೈಟ್’ ಎಂಬ ಹೆಸರು ಆತನು ಆಡುತ್ತಿದ್ದ ಕಾಲದ ವೃತ್ತಪತ್ರಿಕೆಗಳಲ್ಲಿಯೇ ಬಳಕೆಯಲ್ಲಿದ್ದಿತು. ಇದರ ಮೂಲದ ಬಗ್ಗೆ ಎರಡು ವಿವರಣೆಗಳು ಪ್ರಚಲಿತವಾಗಿವೆ. ಆತನ ಓಟದ ವೇಗವನ್ನು ಬೆಳಕಿನ ವೇಗಕ್ಕೆ ಹೋಲಿಸಿದುದರಿಂದ ಈ ಹೆಸರು ಬಂದಿತೆಂಬುದು ಒಂದು. ಮುಖ್ಯ ಉದ್ಯೋಗದ ಜೊತೆಗೆ ಬಿಡುವಿನ ವೇಳೆಯಲ್ಲಿ ಮತ್ತೊಂದು ಉದ್ಯೋಗ ಮಾಡುವುದನ್ನು ಅಮೆರಿಕದ ಆಡುಮಾತಿನಲ್ಲಿ ಬೆಳದಿಂಗಳ ದುಡಿಮೆಯೆನ್ನುವುದರಿಂದ, ಆಟವನ್ನೂ ವೈದ್ಯವನ್ನೂ ಒಟ್ಟಿಗೆ ನಡೆಸಿದವನಿಗೆ ಇದು ಅನ್ವಯವಾಯಿತೆಂಬುದು ಇನ್ನೊಂದು. ಚಿಸಮ್ಮಿನಲ್ಲಿ ಈ ಹೆಸರಿಗೆ ಬಳಕೆಯಿರಲಿಲ್ಲ. ಅಲ್ಲಿನ ಜನರಿಗೆ ಆತನು ‘ಡಾಕ್ ಗ್ರಹಾಂ’, ಎಂದರೆ ಗ್ರಹಾಂ ಡಾಕ್ಟರು.

ಚಿಸಮ್ ಊರು

ಚಿಸಮ್ ಮಿನೆಸೋಟ ರಾಜ್ಯದ ಈಶಾನ್ಯಭಾಗದ ಮೆಸಾಬಿ ಶ್ರೇಣಿಯಲ್ಲಿರುವ ಕಬ್ಬಿಣದ ಗಣಿಗಳ ಊರು. ಇಲ್ಲಿನ ಅದಿರು ನೆಲದ ಮೇಲ್ಮೈಗೆ ಸಮೀಪದಲ್ಲಿಯೇ ಇರುವುದರಿಂದ ಗಣಿಗಾರಿಕೆಯು ಬಹುಮಟ್ಟಿಗೆ ತೆರೆದ ಗುಂಡಿಗಳಲ್ಲಿ ನಡೆಯುತ್ತಿದ್ದಿತು. ಅಗೆದ ಅದಿರು ರೈಲಿನಲ್ಲಿ ಸುಪೀರಿಯರ್ ಸರೋವರದ ಬಂದರುಗಳಿಗೆ, ಅಲ್ಲಿಂದ ಹಡಗುಗಳಲ್ಲಿ ಪೂರ್ವದ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿದ್ದಿತು. ದುಡಿಮೆಗಾಗಿ ಫಿನ್ಲೆಂಡ್, ಇಟಲಿ ಮತ್ತು ಸ್ಲೊವೀನ್, ಕ್ರೊಯಾಟ್, ಸರ್ಬ್ ಜನರ ನಾಡುಗಳಿಂದ ಬಂದ ಕುಟುಂಬಗಳು ಊರಿನ ಜನಸಂಖ್ಯೆಯ ದೊಡ್ಡ ಭಾಗವಾಗಿದ್ದವು. 1908ರ ಸೆಪ್ಟೆಂಬರ್ 5ರಂದು ಕಾಡುಗಿಚ್ಚಿಗೆ ಸಿಲುಕಿ ಊರಿನ ಬಹುಭಾಗ ಭಸ್ಮವಾಯಿತು. ಮರುವರ್ಷ, ಊರು ಹೊಸದಾಗಿ ಕಟ್ಟಲ್ಪಡುತ್ತಿದ್ದಾಗ, ಗ್ರಹಾಂ ಅಲ್ಲಿಗೆ ಬಂದು ರೂಡ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು.

ಗಣಿಗಳ ಮೇಲೆ ವಿಧಿಸಿದ ತೆರಿಗೆಯ ಆದಾಯದಿಂದ ಮೆಸಾಬಿ ಶ್ರೇಣಿಯ ಊರುಗಳು ತಮ್ಮ ಶಾಲೆಗಳಿಗೆ ಉದಾರವಾಗಿ ಧನವಿನಿಯೋಗ ಮಾಡುತ್ತಿದ್ದವು. ಸುಸಜ್ಜಿತ ಕಟ್ಟಡ, ವ್ಯಾಯಾಮಶಾಲೆಗಳಂತೆಯೇ ಶಾಲಾವೈದ್ಯನ ನೇಮಕವೂ ಈ ವ್ಯವಸ್ಥೆಯ ಅಂಗವಾಗಿದ್ದಿತು. ಹಲವು ಭಾಷೆಗಳನ್ನಾಡುವ ಬಡ ಕಾರ್ಮಿಕರ ಮನೆಗಳ ಮಕ್ಕಳೆಲ್ಲರೂ ಕೂಡುತ್ತಿದ್ದ ಸ್ಥಾನ ಶಾಲೆಯೊಂದೇ ಆಗಿದ್ದುದರಿಂದ, ಅಲ್ಲಿನ ವೈದ್ಯನಿಗೆ ಇಡೀ ಊರಿನ ಒಂದು ತಲೆಮಾರಿನ ಆರೋಗ್ಯವು ಒಟ್ಟಾಗಿ ಕಣ್ಣಿಗೆ ಬೀಳುತ್ತಿದ್ದಿತು.

ವೈದ್ಯವೃತ್ತಿ ಮತ್ತು ಗೃಹಜೀವನ

1909ರಿಂದ 1959ರವರೆಗೆ ಐವತ್ತು ವರ್ಷ ಗ್ರಹಾಂ ಚಿಸಮ್ಮಿನ ವೈದ್ಯನಾಗಿದ್ದನು. ಶಾಲೆಗಳ ವೈದ್ಯನೆಂಬ ಹೊಣೆ ಈ ಅವಧಿಯ ಬಹುಭಾಗವನ್ನು ಆವರಿಸಿದ್ದಿತು. ಮಕ್ಕಳ ದೃಷ್ಟಿದೋಷದ ಪರಿಹಾರಕ್ಕಾಗಿ ಆತನು ಕೈಗೊಂಡ ಏರ್ಪಾಡು ವಿಶೇಷ ಉಲ್ಲೇಖಕ್ಕೆ ಅರ್ಹ. ಇತರರು ಬಳಸಿ ಬಿಟ್ಟ ಕನ್ನಡಕಗಳನ್ನು ತನ್ನ ವೈದ್ಯಶಾಲೆಗೆ ತರಿಸಿಕೊಂಡು, ಶನಿವಾರಗಳಂದು ಸುತ್ತಣ ಗಣಿಪ್ರದೇಶದಿಂದ ಬಂದ ಕಾರ್ಮಿಕರ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿ, ಒಬ್ಬೊಬ್ಬರಿಗೂ ಸರಿಹೊಂದುವ ಕನ್ನಡಕವನ್ನು ಆರಿಸಿ ತೊಡಿಸುತ್ತಿದ್ದನು. ಪರೀಕ್ಷೆಗಾಗಲಿ ಕನ್ನಡಕಕ್ಕಾಗಲಿ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಕರಿಹಲಗೆಯ ಮೇಲಿನ ಬರಹ ಕಾಣದ ಮಗುವು ಮಂದಬುದ್ಧಿಯೆಂದು ತಪ್ಪಾಗಿ ಎಣಿಸಲ್ಪಡುವ ಸಂಭವವಿರುವುದರಿಂದ, ಈ ಸೇವೆಯು ವೈದ್ಯಕ್ಕೂ ವಿದ್ಯೆಗೂ ಸಮಾನವಾಗಿ ಸಂದುದಾಗಿದೆ.

1915ರಲ್ಲಿ ಶಿಕ್ಷಕಿಯಾಗಿದ್ದ ಅಲಿಷ ಮ್ಯಾಡನ್‌ಳನ್ನು ಗ್ರಹಾಂ ವಿವಾಹವಾದನು. ದಂಪತಿಗಳಿಗೆ ಮಕ್ಕಳಿರಲಿಲ್ಲ. 1965ರ ಆಗಸ್ಟ್ 25ರಂದು, ತನ್ನ ಎಂಬತ್ತೇಳನೆಯ ವಯಸ್ಸಿನಲ್ಲಿ, ಮಿನೆಸೋಟದ ಚಾಟ್‌ಫೀಲ್ಡ್ ಎಂಬಲ್ಲಿ ಆತನು ಮೃತನಾದನು. ಆತನ ಸಮಾಧಿ ಅದೇ ರಾಜ್ಯದ ರಾಚೆಸ್ಟರ್ ನಗರದ ಕ್ಯಾಲ್ವರಿ ಸ್ಮಶಾನದಲ್ಲಿದೆ. ‘ಚಿಸಮ್ ಫ್ರೀ ಪ್ರೆಸ್’ ಪತ್ರಿಕೆಯನ್ನು 1947ರಲ್ಲಿ ಸ್ಥಾಪಿಸಿದ ಸಂಪಾದಕಿ ವೇದಾ ಪೊನಿಕ್ವಾರ್ ಆತನ ಮರಣದ ಸಂದರ್ಭದಲ್ಲಿ ಬರೆದ ಶ್ರದ್ಧಾಂಜಲಿಯು ಆ ಊರಿನಲ್ಲಿ ಆತನಿಗಿದ್ದ ಸ್ಥಾನಕ್ಕೆ ಮುಖ್ಯ ಲಿಖಿತ ಸಾಕ್ಷ್ಯಗಳಲ್ಲೊಂದು.

ಮಕ್ಕಳ ರಕ್ತದೊತ್ತಡದ ಅಧ್ಯಯನ

ತೋಳಿಗೆ ಸುತ್ತಿದ ಪಟ್ಟಿಯಲ್ಲಿ ಗಾಳಿಯನ್ನು ತುಂಬಿ ರಕ್ತಪ್ರವಾಹವನ್ನು ತಡೆದು, ಬಳಿಕ ಗಾಳಿಯನ್ನು ಮೆಲ್ಲನೆ ಬಿಡುತ್ತ, ಮೊಳಕೈಯ ಒಳಭಾಗದ ಅಪಧಮನಿಯ ಮೇಲಿಟ್ಟ ಸ್ಟೆತಾಸ್ಕೋಪಿನಲ್ಲಿ ಮೊದಲ ಮಿಡಿತ ಕೇಳಿಸಿದಾಗ ಪಾದರಸದ ಸ್ತಂಭವು ತೋರುವ ಎತ್ತರವನ್ನೂ, ಸದ್ದು ಅಡಗಿದಾಗಿನ ಎತ್ತರವನ್ನೂ ಗುರುತುಹಾಕಿಕೊಳ್ಳುವ ಕ್ರಮವೇ ರಕ್ತದೊತ್ತಡದ ಶ್ರವಣಮಾಪನ. ಈ ಕ್ರಮವನ್ನು ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊವ್ ಪ್ರಕಟಿಸಿದುದು 1905ರಲ್ಲಿ. ಗ್ರಹಾಂ ವೈದ್ಯಪದವಿಯನ್ನು ಪಡೆದುದೂ ಬ್ರೂಕ್ಲಿನ್ನಿನ ಬಲಮೈದಾನದಲ್ಲಿ ನಿಂತುದೂ ಅದೇ ವರ್ಷ.

ವಯಸ್ಕರ ರಕ್ತದೊತ್ತಡದ ಸಹಜ ಮಟ್ಟವು ಮೊದಲೇ ಬಹುಮಟ್ಟಿಗೆ ನಿರ್ಧಾರಿತವಾಗಿದ್ದರೂ, ಬೆಳೆಯುವ ಮಕ್ಕಳ ವಿಷಯದಲ್ಲಿ ಅಂಥ ಅಳತೆಗೋಲು ಸುಲಭವಾಗಿ ದೊರೆಯತಕ್ಕುದಲ್ಲ. ವಯಸ್ಸಿನೊಡನೆ ಒತ್ತಡವು ಏರುತ್ತದೆ. ತೋಳಿನ ಗಾತ್ರಕ್ಕೆ ಪಟ್ಟಿಯ ಅಗಲವು ಹೊಂದದಿದ್ದರೆ ಅಳತೆ ತಪ್ಪುತ್ತದೆ. ವೈದ್ಯನನ್ನು ಕಂಡ ಅಂಜಿಕೆಯಿಂದಲೇ ಮಗುವಿನ ಒತ್ತಡ ಕ್ಷಣಕಾಲ ಹೆಚ್ಚಬಹುದು. ಆದುದರಿಂದ ಪರಿಚಿತ ಪರಿಸರದಲ್ಲಿ, ಬಹುಸಂಖ್ಯೆಯ ಮಕ್ಕಳನ್ನು, ಅನೇಕ ವರ್ಷಗಳವರೆಗೆ ತಾಳ್ಮೆಯಿಂದ ಅಳೆಯುವವನೊಬ್ಬನು ಬೇಕಾಗಿದ್ದನು. ಚಿಸಮ್ಮಿನ ಶಾಲಾವೈದ್ಯನಿಗೆ ಈ ಎಲ್ಲ ಅನುಕೂಲಗಳೂ ಒದಗಿದ್ದವು. ಗ್ರಹಾಂ ಹೀಗೆ ಹಲವು ವರ್ಷಗಳಲ್ಲಿ ಸಂಗ್ರಹಿಸಿದ ಅಳತೆಗಳನ್ನು ರಾಚೆಸ್ಟರಿನ ಮೇಯೊ ಕ್ಲಿನಿಕ್ಕಿನ ಎಡ್ಗರ್ ಹೈನ್ಸ್ ಮತ್ತು ರಾಬರ್ಟ್ ಗೇಜ್ ಅವರೊಡಗೂಡಿ ವಿಶ್ಲೇಷಿಸಿದನು. ಐದರಿಂದ ಹದಿನಾರು ವರ್ಷದವರೆಗಿನ ಮಕ್ಕಳ ರಕ್ತದೊತ್ತಡವನ್ನು ಕುರಿತ ಈ ಪ್ರಬಂಧವು 1945ರಲ್ಲಿ ಅಮೆರಿಕದ ಪ್ರಮುಖ ಶಿಶುವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರಲ್ಲಿ ಗ್ರಹಾಮನ ಹೆಸರು ಮೊದಲನೆಯದು.

ಅಲ್ಪಾವಧಿಯ ಇತರ ವೃತ್ತಿಜೀವನಗಳು

ಮೇಜರ್ ಲೀಗಿನಲ್ಲಿ ಅತ್ಯಲ್ಪಕಾಲ ಮಾತ್ರ ಆಡಿದವರನ್ನು ಆ ಆಟದ ಪರಿಭಾಷೆಯಲ್ಲಿ ಒಂದು ಬಟ್ಟಲು ಕಾಫಿ ಕುಡಿದು ಹೋದವರೆಂದು ಹೇಳುವ ರೂಢಿಯಿದೆ. ಒಂದೇ ಪಂದ್ಯದಲ್ಲಿ ಮುಗಿದ ಇಂಥ ವೃತ್ತಿಜೀವನಗಳನ್ನು ಅವುಗಳ ಸ್ವರೂಪಕ್ಕನುಸಾರವಾಗಿ ಕೆಲವು ಬಗೆಗಳಾಗಿ ವಿಂಗಡಿಸಬಹುದು.

ಸಂಪೂರ್ಣ ಯಶಸ್ಸಿನ ಬಗೆಗೆ ಜಾನ್ ಪಚೋರೆಕ್ ಉದಾಹರಣೆ. ಹದಿನೆಂಟರ ವಯಸ್ಸಿನ ಈತ 1963ರ ಸೆಪ್ಟೆಂಬರ್ 29ರಂದು ಹೂಸ್ಟನ್ ತಂಡಕ್ಕಾಗಿ ಆಡಿ, ಮೂರು ಗಣಿತ ಸರದಿಗಳಲ್ಲಿ ಮೂರು ಯಶಸ್ವೀ ಹೊಡೆತಗಳನ್ನು ಹೊಡೆದು ನಾಲ್ಕು ಓಟಗಳನ್ನು ಗಳಿಸಿದನು. ಬೆನ್ನಿನ ವ್ಯಾಧಿಯಿಂದಾಗಿ ಮತ್ತೆ ಆ ಶ್ರೇಣಿಗೆ ಬರಲಾಗಲಿಲ್ಲ. ಗಾಯದಿಂದ ಕಡಿದುಹೋದ ಬಗೆಗೆ ಲ್ಯಾರಿ ಯೌಂಟ್ ಸೇರುತ್ತಾನೆ. 1971ರ ಸೆಪ್ಟೆಂಬರ್ 15ರಂದು ಎಸೆತಗಾರನಾಗಿ ಮೈದಾನಕ್ಕಿಳಿದ ಈತ ಸಿದ್ಧತೆಯ ಎಸೆತಗಳ ವೇಳೆಯಲ್ಲಿಯೇ ತೋಳುನೋವಿನಿಂದ ಹಿಂದೆ ಸರಿಯಬೇಕಾಯಿತು. ಒಬ್ಬ ಬ್ಯಾಟುಗಾರನಿಗೂ ಚೆಂಡೆಸೆಯದಿದ್ದರೂ ಒಂದು ಪಂದ್ಯ ಆತನ ಹೆಸರಿನಲ್ಲಿ ದಾಖಲಾಗಿದೆ. ಪ್ರದರ್ಶನಕ್ಕಾಗಿ ನಡೆದ ಪ್ರವೇಶದ ಬಗೆಗೆ ಎಡ್ಡಿ ಗೇಡೆಲ್ ಪ್ರಸಿದ್ಧ. ಮೂರು ಅಡಿ ಏಳು ಅಂಗುಲ ಎತ್ತರದ ಈತನನ್ನು 1951ರ ಆಗಸ್ಟ್ 19ರಂದು ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಒಡೆಯ ಬಿಲ್ ವೆಕ್ ಬ್ಯಾಟಿಗೆ ಕಳುಹಿಸಿದಾಗ, ಎಸೆತಗಾರನು ನಾಲ್ಕೂ ಎಸೆತಗಳನ್ನು ಎತ್ತರಕ್ಕೆ ಎಸೆದುದರಿಂದ ಗೇಡೆಲ್ ಮೊದಲನೆಯ ನೆಲೆಗೆ ನಡೆದುಹೋದನು.

ಆಟದಲ್ಲಿ ಅಲ್ಪವಾದುದು ಬೇರೊಂದು ಕ್ಷೇತ್ರದಲ್ಲಿ ಪೂರ್ಣವಾದ ಬಗೆ ನಾಲ್ಕನೆಯದು. 1936ರ ಸೆಪ್ಟೆಂಬರ್ 27ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರವಾಗಿ ಒಂದೇ ಗಣಿತ ಸರದಿಯನ್ನು ಪಡೆದು ವಿಫಲನಾದ ವಾಲ್ಟರ್ ಆಲ್ಸ್ಟನ್, 1954ರಿಂದ 1976ರವರೆಗೆ ಡಾಜರ್ಸ್ ತಂಡದ ಮ್ಯಾನೇಜರಾಗಿ ನಾಲ್ಕು ವಿಶ್ವಸರಣಿಗಳನ್ನು ಗೆಲ್ಲಿಸಿದನು. ಗ್ರಹಾಮನೂ ಈ ಬಗೆಗೇ ಸೇರತಕ್ಕವನು. ಆದರೆ ಆಲ್ಸ್ಟನ್ನನ ಪೂರ್ಣತೆ ಆಟದ ಒಳಗೇ ದೊರೆಯಿತು, ಗ್ರಹಾಮನದು ಆಟದ ಹೊರಗೆ.

ಕಾದಂಬರಿ ಮತ್ತು ಚಲನಚಿತ್ರ

1969ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯು ಪ್ರಕಟಿಸಿದ ‘ಬೇಸ್‌ಬಾಲ್ ಎನ್‌ಸೈಕ್ಲೊಪೀಡಿಯ’ ಎಂಬ ಬೃಹದ್ಗ್ರಂಥವು, ಗಣಕಯಂತ್ರದ ನೆರವಿನಿಂದ, ಮೇಜರ್ ಲೀಗಿನಲ್ಲಿ ಒಮ್ಮೆಯಾದರೂ ಆಡಿದ ಪ್ರತಿಯೊಬ್ಬನ ಅಂಕಿ-ಅಂಶಗಳನ್ನೂ ಒಂದೆಡೆ ಕಲೆಹಾಕಿತು. ಸಾವಿರಾರು ಪಂದ್ಯಗಳ ವೀರರಿಗೂ ಒಂದೇ ಪಂದ್ಯದವರಿಗೂ ಅಕಾರಾದಿಯಲ್ಲಿ ಸಮಾನವಾಗಿ ಎಡೆಯಿತ್ತ ಈ ಗ್ರಂಥದಲ್ಲಿ ಗ್ರಹಾಮನ ಸಾಲನ್ನೂ ಅಡ್ಡಹೆಸರನ್ನೂ ಕಂಡ ಕೆನಡದ ಕಾದಂಬರಿಕಾರ ಡಬ್ಲ್ಯೂ. ಪಿ. ಕಿನ್ಸೆಲ್ಲ ಚಿಸಮ್ಮಿಗೆ ಹೋಗಿ ಆತನನ್ನು ಬಲ್ಲವರಿಂದ ವಿವರಗಳನ್ನು ಸಂಗ್ರಹಿಸಿದನು. 1982ರಲ್ಲಿ ಪ್ರಕಟವಾದ ‘ಶೂಲೆಸ್ ಜೋ’ ಕಾದಂಬರಿಯಲ್ಲಿ ಗ್ರಹಾಂ ಒಬ್ಬ ಪ್ರಧಾನ ಪಾತ್ರ.

ಈ ಕಾದಂಬರಿಯನ್ನು ಆಧರಿಸಿ ಫಿಲ್ ಆಲ್ಡನ್ ರಾಬಿನ್ಸನ್ ನಿರ್ದೇಶಿಸಿದ ‘ಫೀಲ್ಡ್ ಆಫ್ ಡ್ರೀಮ್ಸ್’ ಚಿತ್ರವು 1989ರಲ್ಲಿ ತೆರೆಕಂಡು, ಉತ್ತಮ ಚಿತ್ರದ ವಿಭಾಗವೂ ಸೇರಿದಂತೆ ಮೂರು ಆಸ್ಕರ್ ವಿಭಾಗಗಳಲ್ಲಿ ನಾಮನಿರ್ದೇಶನ ಪಡೆಯಿತು. ವೃದ್ಧ ಗ್ರಹಾಮನ ಪಾತ್ರವನ್ನು ಬರ್ಟ್ ಲ್ಯಾಂಕಾಸ್ಟರ್, ತರುಣ ಗ್ರಹಾಮನ ಪಾತ್ರವನ್ನು ಫ್ರಾಂಕ್ ವೇಲಿ ಅಭಿನಯಿಸಿದರು. ಚಿತ್ರವು ಪಂದ್ಯವನ್ನು 1922ಕ್ಕೂ ಮರಣವನ್ನು 1972ಕ್ಕೂ ಬದಲಾಯಿಸಿದೆ; ಪಂದ್ಯವು ಋತುವಿನ ಕೊನೆಯ ದಿನ ನಡೆಯಿತೆಂದು ಅದರಲ್ಲಿ ಹೇಳಿದ್ದರೂ ವಾಸ್ತವವಾಗಿ ಅದು ಜೂನ್ ತಿಂಗಳ ಪಂದ್ಯ.

ಚಿತ್ರದಲ್ಲಿ ತರುಣ ಗ್ರಹಾಮನಿಗೆ ಬ್ಯಾಟು ಹಿಡಿಯುವ ಅವಕಾಶ ಕಡೆಗೂ ದೊರೆಯುತ್ತದೆ. ಆತನು ಹೊರಮೈದಾನಕ್ಕೆ ಎತ್ತರವಾಗಿ ಹೊಡೆದ ಚೆಂಡನ್ನು ಎದುರಾಳಿಯು ಹಿಡಿಯುತ್ತಾನೆ. ಅಷ್ಟರಲ್ಲಿ ಜೊತೆಗಾರನೊಬ್ಬನು ಓಡಿಬಂದು ಓಟವನ್ನು ಗಳಿಸುತ್ತಾನೆ. ಇದು ಮೇಲೆ ವಿವರಿಸಿದ ತ್ಯಾಗದ ಹೊಡೆತವಾದುದರಿಂದ, ಇಂದಿನ ನಿಯಮಗಳ ಪ್ರಕಾರ ಕಲ್ಪನೆಯ ಆ ಮೈದಾನದಲ್ಲಿಯೂ ಗ್ರಹಾಮನ ಗಣಿತ ಸರದಿಗಳ ಸಂಖ್ಯೆ ಸೊನ್ನೆಯಾಗಿಯೇ ಉಳಿಯುತ್ತದೆ. ತರುವಾಯದ ದೃಶ್ಯದಲ್ಲಿ, ತಿನಿಸು ಗಂಟಲಿಗೆ ಸಿಕ್ಕಿ ಉಸಿರುಗಟ್ಟಿದ ಬಾಲಕಿಯನ್ನುಳಿಸುವುದಕ್ಕಾಗಿ ಆತನು ಮೈದಾನದ ಗೆರೆಯನ್ನು ದಾಟಿ ಮತ್ತೆ ವೃದ್ಧವೈದ್ಯನಾಗುತ್ತಾನೆ. ದಾಟಿದವನು ಆಟಕ್ಕೆ ಹಿಂತಿರುಗಲಾರ.

ಇಂದಿನ ಸ್ಥಿತಿ

ಚಲನಚಿತ್ರದ ಬಳಿಕ ಗ್ರಹಾಮನ ಹೆಸರು ಬೇಸ್‌ಬಾಲಿನ ಇತಿಹಾಸದಲ್ಲಿ ಅಲ್ಪಾವಧಿಯ ಆಟಗಾರರೆಲ್ಲರಿಗೂ ಪ್ರತೀಕವಾಗಿ ಬಳಕೆಗೆ ಬಂದ ಹೆಸರಾಯಿತು. ಪಂದ್ಯದ ಶತಮಾನದ ದಿನವಾದ 2005ರ ಜೂನ್ 29ರಂದು ಮಿನೆಸೋಟ ಟ್ವಿನ್ಸ್ ತಂಡವು ತನ್ನ ಮೈದಾನದಲ್ಲಿ ಆತನ ಸ್ಮರಣೆಯನ್ನು ಆಚರಿಸಿತು. ಬ್ರೆಟ್ ಫ್ರೀಡ್ಲಾಂಡರ್ ಮತ್ತು ರಾಬರ್ಟ್ ರೈಸಿಂಗ್ ಬರೆದ ‘ಚೇಸಿಂಗ್ ಮೂನ್‌ಲೈಟ್’ ಎಂಬ ಜೀವನಚರಿತ್ರೆ 2009ರಲ್ಲಿ ಪ್ರಕಟವಾಗಿ, ಚಿತ್ರದ ಕಲ್ಪನೆಯನ್ನೂ ವಾಸ್ತವಾಂಶವನ್ನೂ ಬೇರ್ಪಡಿಸಿ ತೋರಿಸಿತು. ಚಿಸಮ್ಮಿನ ಪ್ರೌಢಶಾಲೆಯಿಂದ ತೇರ್ಗಡೆಯಾಗುವ ವಿದ್ಯಾರ್ಥಿಗಳಿಗಾಗಿ ಆತನ ಹೆಸರಿನಲ್ಲಿ ವಿದ್ಯಾರ್ಥಿವೇತನದ ನಿಧಿಯೊಂದಿದೆ.

ಗ್ರಹಾಮನ ಹೆಸರು ಎರಡು ಬಗೆಯ ದಾಖಲೆಗಳಲ್ಲಿ ಉಳಿದಿದೆ. ಬೇಸ್‌ಬಾಲಿನ ಅಂಕಿ-ಅಂಶಗಳ ಗ್ರಂಥಗಳಲ್ಲಿ ಅದರ ಮುಂದೆ ಇರುವುದು ಪಂದ್ಯ 1, ಗಣಿತ ಸರದಿ 0, ಹೊಡೆತ 0, ಓಟ 0 ಎಂಬ ಒಂದೇ ಸಾಲು. ವೈದ್ಯಸಾಹಿತ್ಯದಲ್ಲಿ ಅದರ ಕೆಳಗೆ ಇರುವುದು ಗಣಿಯೂರಿನ ಶಾಲಾಬಾಲಕರನ್ನು ಒಬ್ಬೊಬ್ಬರನ್ನಾಗಿ ಕರೆದು, ತೋಳಿಗೆ ಪಟ್ಟಿ ಸುತ್ತಿ, ಸದ್ದನ್ನಾಲಿಸಿ, ಹಲವು ವರ್ಷಗಳ ಕಾಲ ಬರೆದಿಟ್ಟ ಅಳತೆಗಳ ಕೋಷ್ಟಕ.